ಮೇಲ್ವಿಚಾರಣೆ ಎಂದರೆ ವಿಚಾರಿಸಿಕೊಳ್ಳುವುದು

ಶಿಕ್ಷಕರ ಪಾಲಕರಾದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರ ಹಬ್ಬದ ಪ್ರಬೋಧನೆ (ಏಪ್ರಿಲ್ 7)
ವಾಚನಗಳು: 2 ತಿಮೊಥೇಯ 1:13-14, 2:1-3, ಮತ್ತಾಯ 18:1-5



ಇಂದು ನಾವು ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರನ್ನು ಸ್ಮರಿಸುತ್ತಿದ್ದೇವೆ. ಈ ಹಬ್ಬ ಎಷ್ಟೋ ವರ್ಷ ಪವಿತ್ರ ವಾರದಲ್ಲಿ ಇಲ್ಲವೇ ಪಾಸ್ಕದ ಅಷ್ಟಕದಲ್ಲಿ ಬಂದು ಮರೆಯಾಗಿಬಿಡುತ್ತದೆ. ಹಾಗಾಗಿ ಸಂತ ಡಾನ್ ಬಾಸ್ಕೊ ಅವರನ್ನು ಬಲ್ಲ ನಮ್ಮ ಮಕ್ಕಳಿಗೆ ಇವರ ಪರಿಚಯ ಅಷ್ಟಾಗಿ ಇಲ್ಲ. ಆದರೆ 1950ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ಎಲ್ಲ ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದ್ದು ಇವರನ್ನೇ. ನಮ್ಮ ನಾಡಿನಲ್ಲಿ ಈ ಹಬ್ಬ ಒಳ್ಳೆಯ ಹೊತ್ತಿಗೆ ಬರುತ್ತದೆ. ಪರೀಕ್ಷೆಗಳು ಮುಗಿದಿರುತ್ತವೆ, ಮಕ್ಕಳು ಬೇಸಿಗೆ ರಜೆಯ ಸಂಭ್ರಮದಲ್ಲಿರುತ್ತಾರೆ. ಶಾಲೆಗಳ ಸಂಚಾಲಕರು, ಮುಖ್ಯೋಪಾಧ್ಯಾಯರು ಮಾತ್ರ ಬರುವ ಜೂನ್ ತಿಂಗಳಿಗೆ ಯಾರು ಬಿಟ್ಟು ಹೋಗುತ್ತಾರೆ, ಯಾರನ್ನು ಹೊಸದಾಗಿ ತೆಗೆದುಕೊಳ್ಳಬೇಕು ಎಂಬ ಲೆಕ್ಕದಲ್ಲಿರುತ್ತಾರೆ.

ಶಿಕ್ಷಕರ ಹಬ್ಬ ಎಂದ ಕೂಡಲೇ ಶಿಕ್ಷಕರು ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಮಾತನಾಡುವುದು ನಮ್ಮ ರೂಢಿ. ಇಂದು ಅದಕ್ಕಿಂತ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಕೇಳೋಣ. ಮಕ್ಕಳನ್ನು ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು? ಬಿ.ಎಡ್. ಮುಗಿಸಿ ಮೊದಲ ದಿನ ತರಗತಿಗೆ ಕಾಲಿಡುವ ಟೀಚರಿಗೆ ಜೊತೆ ಯಾರು? ಪುಟ್ಟ ಮಕ್ಕಳ ಮೂಗು ಒರೆಸುವ ಆಯಾ, ಬಸ್ಸಿನ ಚಾಲಕ, ಕಚೇರಿಯ ಗುಮಾಸ್ತ, ಬಿಸಿಯೂಟ ಮಾಡುವ ತಾಯಂದಿರು, ಗೇಟಿನ ಬಳಿಯ ಕಾವಲುಗಾರ, ಇವರ ಕಷ್ಟಸುಖ ಕೇಳುವವರು ಯಾರು?

ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಪದವಿದೆ: ವಿಚಾರಣೆ. ಪೊಲೀಸ್ ಠಾಣೆಯಲ್ಲಿ ನಡೆಯುವುದೂ ವಿಚಾರಣೆಯೇ. ಅದೇ ಮದುವೆ ಮನೆಯಲ್ಲಿ ಹಿರಿಯರು ಹುಡುಗರನ್ನು ಕರೆದು, ‘ಬೀಗರನ್ನು ಸ್ವಲ್ಪ ವಿಚಾರಿಸಿಕೊಳ್ರಪ್ಪಾ’ ಎಂದರೆ ಅರ್ಥವೇ ಬೇರೆ. ಅವರು ಬಂದರೇ, ಕೂತರೇ, ಉಂಡರೇ, ಏನಾದರೂ ಬೇಕೇ ಎಂದು ನೋಡಿಕೊಳ್ಳಿ ಎಂದರ್ಥ. ಧರ್ಮಕೇಂದ್ರದ ಗುರುಗಳನ್ನು ನಮ್ಮ ಹಿರಿಯರು ವಿಚಾರಣಾ ಗುರುಗಳು ಎಂದು ಕರೆಯುತ್ತಿದ್ದುದೂ ಈ ಎರಡನೇ ಅರ್ಥದಲ್ಲಿಯೇ. ಹಾಗಾದರೆ ನಮ್ಮ ಶಾಲೆಗಳಲ್ಲಿ ನಡೆಯುವ ಮೇಲ್ವಿಚಾರಣೆ ಯಾವ ಬಗೆಯದು? ಠಾಣೆಯ ವಿಚಾರಣೆಯೋ, ಮದುವೆ ಮನೆಯ ವಿಚಾರಣೆಯೋ? ಇಂದಿನ ಸಂತರ ಬದುಕು ನಮ್ಮ ಮುಂದಿಡುವ ಪ್ರಶ್ನೆ ಇದು.

1. ಇಡೀ ದಿನ ನೋಡಿದ ಮಾವ

ಇಂದಿನ ಮೊದಲನೇ ವಾಚನದಲ್ಲಿ ಸಂತ ಪೌಲರು ತಿಮೊಥೇಯನಿಗೆ ಒಂದು ಜವಾಬ್ದಾರಿ ಒಪ್ಪಿಸುತ್ತಾರೆ. ತನ್ನಿಂದ ಕೇಳಿದ್ದನ್ನು ಅವನು ನಂಬಿಗಸ್ತರಿಗೆ ಒಪ್ಪಿಸಬೇಕು. ಅವರು ಇತರರಿಗೆ ಕಲಿಸಲು ಸಮರ್ಥರಾಗಿರಬೇಕು. ಇಲ್ಲಿ ನಾಲ್ಕು ತಲೆಮಾರುಗಳು ಒಂದೇ ಸಾಲಿನಲ್ಲಿ ನಿಂತಿವೆ: ಪೌಲ, ತಿಮೊಥೇಯ, ಆ ನಂಬಿಗಸ್ತರು, ಅವರಿಂದ ಕಲಿಯುವವರು. ಪೌಲರು ಒಬ್ಬ ಶಿಷ್ಯನನ್ನಲ್ಲ, ಕಲಿಸುವವರನ್ನು ಬೆಳೆಸಬಲ್ಲ ಒಬ್ಬ ಶಿಷ್ಯನನ್ನು ಬೆಳೆಸಿದರು.

ಈ ಕೆಲಸ ಹೇಗೆ ಮಾಡಬೇಕೆಂಬುದಕ್ಕೆ ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ ಒಳ್ಳೆಯ ಉದಾಹರಣೆಯಿದೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಕುಳಿತು ಜನರ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು. ಜನರು ಸುತ್ತಲೂ ಕಾದು ನಿಂತಿದ್ದರು. ಅವರ ಮಾವ ಇತ್ರೋ ಅದನ್ನು ನೋಡಿದರು. ಜನರ ಎದುರು ಅಳಿಯನನ್ನು ಗದರಿಸಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದರು: ನೀನು ಒಬ್ಬನೇ ಹೀಗೆ ಕೂತಿರುವುದು ಏಕೆ? ಮೋಶೆ ಕೊಟ್ಟ ಉತ್ತರವನ್ನು ಕೇಳಿಸಿಕೊಂಡರು. ಆಮೇಲಷ್ಟೇ, ಈ ರೀತಿ ಸರಿಯಲ್ಲ, ಹೀಗೆ ಮಾಡಿದರೆ ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದರು. ಅಲ್ಲಿಗೇ ನಿಲ್ಲಿಸದೆ ದಾರಿಯನ್ನೂ ತೋರಿಸಿದರು. ಯೋಗ್ಯರನ್ನು ಆರಿಸಿ ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರನ್ನು ನೇಮಿಸು, ಕಠಿಣವಾದದ್ದು ಮಾತ್ರ ನಿನ್ನ ಬಳಿ ಬರಲಿ ಎಂದರು. ಎಲ್ಲವೂ ಆದ ಮೇಲೆ ತಮ್ಮ ಊರಿಗೆ ಹೊರಟುಹೋದರು. ಅಲ್ಲಿಯೇ ಕುಳಿತು ಅಧಿಕಾರ ನಡೆಸಲಿಲ್ಲ.

ನೋಡಿದರು, ಕೇಳಿದರು, ಕಿವಿಗೊಟ್ಟರು, ದಾರಿ ತೋರಿಸಿದರು, ಬಿಟ್ಟುಕೊಟ್ಟರು. ಮೇಲ್ವಿಚಾರಕರಿಗೆ ಬೇಕಾದ ಪಾಠವೆಲ್ಲ ಈ ಐದು ಮಾತುಗಳಲ್ಲಿದೆ. ನಮ್ಮಲ್ಲಿ ಅನೇಕ ಸಲ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದರಿಂದಲೇ ಶುರುಮಾಡುತ್ತಾರೆ, ಐದನೆಯದನ್ನು ಮಾಡುವುದೇ ಇಲ್ಲ.

2. ಒಂದೇ ಮೇಜಿನ ಊಟ

ಈಗ ನಮ್ಮ ಸಂತರ ಕಡೆಗೆ ಬರೋಣ. ಲಾಸಾಲರು 1651ರಲ್ಲಿ ಫ್ರಾನ್ಸಿನ ರೀಮ್ಸ್ ಪಟ್ಟಣದ ಶ್ರೀಮಂತ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದರು. ಹದಿಹರೆಯದಲ್ಲಿಯೇ ಅಲ್ಲಿನ ಪ್ರಧಾನಾಲಯದ ಗೌರವ ಪದವಿ ಸಿಕ್ಕಿತು, ಅದಕ್ಕೆ ತಕ್ಕ ಆದಾಯವೂ ಇತ್ತು. 1678ರಲ್ಲಿ ಗುರುದೀಕ್ಷೆ ಪಡೆದರು. ಶಾಲೆ ತೆರೆಯಬೇಕೆಂಬ ಯೋಚನೆ ಅವರಿಗೆ ಇರಲೇ ಇಲ್ಲ. 1679ರಲ್ಲಿ ಅದ್ರಿಯನ್ ನ್ಯೇಲ್ ಎಂಬ ಗೃಹಸ್ಥರು ರೂಆನ್ ಪಟ್ಟಣದಿಂದ ಬಂದು, ಬಡ ಹುಡುಗರಿಗಾಗಿ ಶಾಲೆ ತೆರೆಯಲು ಅವರ ಸಹಾಯ ಕೇಳಿದರು. ಒಂದು ಶಾಲೆ ತೆರೆಯಿತು, ಮತ್ತೊಂದು ತೆರೆಯಿತು.

ನ್ಯೇಲರು ಒಳ್ಳೆಯ ಮನುಷ್ಯರು, ಉತ್ಸಾಹಿಗಳು. ಆದರೆ ಒಂದು ಶಾಲೆ ತೆರೆದ ಕೂಡಲೇ ಅವರ ಮನಸ್ಸು ಮುಂದಿನ ಊರಿಗೆ ಓಡುತ್ತಿತ್ತು. ತೆರೆದ ಶಾಲೆಯಲ್ಲಿ ಕಲಿಸುವವರ ಗತಿ ಏನು? ಅವರು ಹೆಚ್ಚು ಓದಿದವರಲ್ಲ, ತರಬೇತಿ ಪಡೆದವರಲ್ಲ. ಎಳೆಯ ವಯಸ್ಸಿನವರು; ಒಂದು ಕಡೆ ಗದ್ದಲದ ಮಕ್ಕಳು, ಇನ್ನೊಂದು ಕಡೆ ಸಂಜೆ ಹೋಗಿ ಸೇರಲು ಸರಿಯಾದ ಮನೆಯಿಲ್ಲ. ನಮ್ಮ ಕಾಲದಲ್ಲೂ ಶಾಲೆ ಕಟ್ಟಿಸುವ ಉತ್ಸಾಹಕ್ಕೆ ಕೊರತೆಯಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳಿರುತ್ತವೆ; ಒಳಗೆ ಪಾಠ ಮಾಡುವವಳ ಹೆಸರು ಕಲ್ಲಿನ ಮೇಲೆ ಇರುವುದಿಲ್ಲ.

ಲಾಸಾಲರು ಈ ಕೊರತೆಯನ್ನು ಕಂಡರು. 1679ರ ಕ್ರಿಸ್ತಜಯಂತಿಯ ಹೊತ್ತಿಗೆ ಆ ಶಿಕ್ಷಕರಿಗೆ ತಮ್ಮ ಮನೆಯ ಹತ್ತಿರವೇ ಒಂದು ಬಾಡಿಗೆ ಮನೆ ಮಾಡಿಕೊಟ್ಟರು. ಮರುವರ್ಷ ಊಟಕ್ಕೆ ತಮ್ಮ ಮನೆಗೇ ಕರೆದರು. 1681ರ ಜೂನ್ 24ರಂದು, ಸ್ನಾನಿಕ ಯೊವಾನ್ನರ ಜನ್ಮದ ಹಬ್ಬದ ದಿನ, ಅವರನ್ನು ಮನೆಯೊಳಗೇ ಇರಿಸಿಕೊಂಡರು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆರಂಭದಲ್ಲಿ ಈ ಶಿಕ್ಷಕರನ್ನು ತಮ್ಮ ಮನೆಯ ಸೇವಕನಿಗಿಂತಲೂ ಕೆಳಗಿನವರೆಂದು ಭಾವಿಸಿದ್ದಾಗಿ ಅವರೇ ಮುಂದೆ ಬರೆದುಕೊಂಡಿದ್ದಾರೆ. ಬಂಧುಗಳು ಸಿಟ್ಟಾದರು. ಜೊತೆಗಿದ್ದ ತಮ್ಮಂದಿರನ್ನು ಆ ಮನೆಯಿಂದ ಕರೆದೊಯ್ದರು. ಆದರೂ ಲಾಸಾಲರು ಹಿಂದೆ ಸರಿಯಲಿಲ್ಲ. ಮರುವರ್ಷ ಅದೇ ಹಬ್ಬದ ದಿನ ತಾವೇ ಆ ದೊಡ್ಡ ಮನೆಯನ್ನು ಬಿಟ್ಟು ಶಿಕ್ಷಕರೊಂದಿಗೆ ಬಾಡಿಗೆ ಮನೆಗೆ ಹೋದರು.

ಪ್ರಿಯರೇ, ಈ ಊಟದ ಮೇಜನ್ನು ನಾವು ಮರೆಯಬಾರದು. ಬಹುಶಃ ಶಿಕ್ಷಕರ ತರಬೇತಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತರಬೇತಿ ಕೇಂದ್ರ ಮತ್ತೊಂದಿಲ್ಲ. ಒಟ್ಟಿಗೆ ಉಣ್ಣುವಾಗ ಇವತ್ತು ತರಗತಿಯಲ್ಲಿ ಏನಾಯಿತು ಎಂಬ ಮಾತು ತಾನಾಗಿಯೇ ಬರುತ್ತದೆ. ಯಾವ ಹುಡುಗ ಗಲಾಟೆ ಮಾಡಿದ, ಯಾವ ಪಾಠ ಹತ್ತಲಿಲ್ಲ, ಯಾರಿಗೆ ಗಂಟಲು ಕಟ್ಟಿದೆ, ಎಲ್ಲವೂ ಗೊತ್ತಾಗುತ್ತದೆ. ಕಚೇರಿಗೆ ಕರೆಸಿ ಕೇಳಿದರೆ ಇದರಲ್ಲಿ ಒಂದೂ ಹೊರಗೆ ಬರುವುದಿಲ್ಲ.

ಇನ್ನೊಂದು ಘಟನೆ. ಒಮ್ಮೆ ಶಿಕ್ಷಕರು ತಮ್ಮ ಮುಂದಿನ ಬದುಕಿನ ಬಗ್ಗೆ ಆತಂಕಪಟ್ಟಾಗ ಲಾಸಾಲರು ದೇವರ ಪಾಲನೆಯಲ್ಲಿ ಭರವಸೆಯಿಡಿ ಎಂದು ಉಪದೇಶಿಸಿದರು. ಶಿಕ್ಷಕರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ನಿಮಗೆ ಆಸ್ತಿಯಿದೆ, ಪದವಿಯಿದೆ, ಹೇಳುವುದು ಸುಲಭ. ಶಾಲೆ ಮುಚ್ಚಿದರೆ ನಾವು ಬೀದಿಯಲ್ಲಿರುತ್ತೇವೆ ಎಂಬುದು ಅವರ ಮಾತಿನ ಸಾರ. ಮೇಲಿರುವವರಿಗೆ ಇಂಥ ಮಾತು ಹೇಳಿದರೆ ನಮ್ಮಲ್ಲಿ ಏನಾಗುತ್ತದೆಂದು ಊಹಿಸಿ. ಲಾಸಾಲರು ಆ ಮಾತನ್ನು ಅವಮಾನವೆಂದು ತಿಳಿಯಲಿಲ್ಲ, ನಿಜವೆಂದು ತಿಳಿದರು. 1683ರಲ್ಲಿ ಪ್ರಧಾನಾಲಯದ ಪದವಿಗೆ ರಾಜೀನಾಮೆ ಕೊಟ್ಟರು. ಮುಂದೆ ಬಂದ ಬರಗಾಲದಲ್ಲಿ ತಮ್ಮ ಆಸ್ತಿಯನ್ನು ಹಸಿದವರಿಗೆ ರೊಟ್ಟಿಯಾಗಿ ಹಂಚಿದರು. ಉಪದೇಶ ಮಾಡುವವರ ತಟ್ಟೆಯೂ ಕೇಳುವವರ ತಟ್ಟೆಯೂ ಅಂದಿನಿಂದ ಒಂದೇ ಆಯಿತು.

ನಾವೆಲ್ಲರೂ ಆಸ್ತಿ ಹಂಚಬೇಕೆಂದು ಇದರ ಅರ್ಥವಲ್ಲ. ಆದರೆ ತಿಂಗಳ ಸಂಬಳ ಸರಿಯಾದ ದಿನಕ್ಕೆ ಸಿಗುತ್ತದೆಯೇ, ಹೆರಿಗೆ ರಜೆ ಕೇಳಿದವಳು ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದಾಳೆಯೇ, ರಜಾ ತಿಂಗಳುಗಳಲ್ಲಿ ಆಕೆಯ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಕೇಳದೆ, ಸಮರ್ಪಣಾ ಭಾವದ ಬಗ್ಗೆ ಭಾಷಣ ಮಾಡುವುದು ಎಷ್ಟರಮಟ್ಟಿಗೆ ಸರಿ?

3. ಬಿಡಿಸಬೇಕಾದದ್ದು, ಬೆಳೆಸಬೇಕಾದದ್ದು

ಲಾಸಾಲರು ಮರುಕದ ಮನುಷ್ಯರಷ್ಟೇ ಆಗಿರಲಿಲ್ಲ, ಕ್ರಮದ ಮನುಷ್ಯರೂ ಆಗಿದ್ದರು. ಆಗಿನ ಶಾಲೆಗಳಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮೇಜಿನ ಬಳಿ ಕರೆದು ಕಲಿಸುತ್ತಿದ್ದರು. ಉಳಿದವರು ಸುಮ್ಮನೆ ಕೂತಿರುತ್ತಿದ್ದರು. ಇಡೀ ತರಗತಿಗೆ ಒಟ್ಟಾಗಿ ಪಾಠ ಮಾಡುವ ಪದ್ಧತಿಯನ್ನು ಲಾಸಾಲರ ಶಾಲೆಗಳು ನೆಲೆಗೊಳಿಸಿದವು. ಓದನ್ನು ಲ್ಯಾಟಿನ್ ಬದಲು ಮಕ್ಕಳ ಮನೆಮಾತಾದ ಫ್ರೆಂಚಿನಲ್ಲಿ ಆರಂಭಿಸಿದರು. ಕನ್ನಡ ಶಾಲೆಗಳನ್ನು ಪ್ರೀತಿಸುವ ನಮಗೆ ಇದು ಆಪ್ತವಾದ ಸಂಗತಿ. ಈ ಅನುಭವವನ್ನೆಲ್ಲ ಒಟ್ಟುಮಾಡಿ ‘ಕ್ರೈಸ್ತ ಶಾಲೆಗಳ ನಡವಳಿ’ ಎಂಬ ಕೈಪಿಡಿ ಸಿದ್ಧವಾಯಿತು. ಲಾಸಾಲರು ಅದನ್ನು ಕೋಣೆಯಲ್ಲಿ ಒಬ್ಬರೇ ಕುಳಿತು ಬರೆಯಲಿಲ್ಲ. ಅನುಭವಿ ಶಿಕ್ಷಕರೊಂದಿಗೆ ಚರ್ಚಿಸಿ, ತರಗತಿಯಲ್ಲಿ ಪ್ರಯೋಗಿಸಿ, ತಿದ್ದಿ ಬರೆದರು. ಅದು ಅಚ್ಚಾದದ್ದು ಅವರ ಮರಣದ ನಂತರ, 1720ರಲ್ಲಿ.

ಆ ಕೈಪಿಡಿಯಲ್ಲಿ ಶಾಲೆಗಳ ಪರಿವೀಕ್ಷಕರ ಕರ್ತವ್ಯಗಳಿವೆ. ಹೊಸ ಶಿಕ್ಷಕರನ್ನು ರೂಪಿಸುವವರ ಕರ್ತವ್ಯಗಳೂ ಆ ಪರಂಪರೆಯಲ್ಲಿ ಬರೆದಿಡಲ್ಪಟ್ಟಿವೆ. ಹೊಸ ಶಿಕ್ಷಕನಲ್ಲಿ ಎರಡು ಕೆಲಸ ಆಗಬೇಕು: ಕೆಲವನ್ನು ಬಿಡಿಸಬೇಕು, ಕೆಲವನ್ನು ಬೆಳೆಸಬೇಕು. ಬಿಡಿಸಬೇಕಾದ ಪಟ್ಟಿಯಲ್ಲಿ ಅತಿಯಾದ ಮಾತು, ಚಡಪಡಿಕೆ, ಒರಟುತನ, ಕೆಲವು ಮಕ್ಕಳ ಮೇಲಷ್ಟೇ ಒಲವು, ಬೇಗ ಎದೆಗುಂದುವುದು ಇವೆಲ್ಲ ಸೇರಿವೆ. ಮುನ್ನೂರು ವರ್ಷದ ಹಿಂದಿನ ಪಟ್ಟಿಯನ್ನು ಇವತ್ತು ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಅಂಟಿಸಿದರೂ ಒಂದು ಪದ ಬದಲಿಸಬೇಕಾಗಿಲ್ಲ.

ಗಮನಿಸಿ: ಎದೆಗುಂದುವುದು ಕೂಡ ಆ ಪಟ್ಟಿಯಲ್ಲಿದೆ. ಅಂದರೆ, ಶಿಕ್ಷಕನ ಧೈರ್ಯ ಕುಂದಿದಾಗ ಎತ್ತಿ ನಿಲ್ಲಿಸುವುದೂ ಮೇಲ್ವಿಚಾರಕನ ಕೆಲಸವೇ. ದೂರದ ಊರುಗಳಲ್ಲಿದ್ದ ತಮ್ಮ ಸಹೋದರರು ತಿಂಗಳಿಗೊಮ್ಮೆ ತಮಗೆ ಪತ್ರ ಬರೆಯಬೇಕೆಂದು ಲಾಸಾಲರು ಕೇಳಿಕೊಂಡಿದ್ದರು. ಆ ಪತ್ರಗಳಿಗೆ ಉತ್ತರಿಸುತ್ತಿದ್ದರು. ಫೋನಿಲ್ಲದ ಕಾಲದಲ್ಲಿ ಇದು ಸಾಧ್ಯವಾಗಿತ್ತು.

ನಮ್ಮ ಹಿರಿಯರಿಗೆ ಹಳೆಯ ಇನ್ಸ್‌ಪೆಕ್ಷನ್ನಿನ ನೆನಪಿರಬಹುದು. ಇನ್ಸ್‌ಪೆಕ್ಟರು ಬರುತ್ತಾರೆಂದರೆ ಶಾಲೆಗೆ ಸುಣ್ಣ ಬಳಿಯುತ್ತಿದ್ದರು, ತೋರಣ ಕಟ್ಟುತ್ತಿದ್ದರು. ಜಾಣ ಹುಡುಗರನ್ನು ಮುಂದಿನ ಸಾಲಿಗೆ ಕೂರಿಸುತ್ತಿದ್ದರು, ದಡ್ಡನೆನಿಸಿಕೊಂಡವನಿಗೆ ಆ ದಿನ ರಜೆ! ಭಯದಿಂದ ನಡೆಯುವ ಮೇಲ್ವಿಚಾರಣೆಗೆ ಸತ್ಯ ಕಾಣುವುದಿಲ್ಲ, ಸುಣ್ಣ ಮಾತ್ರ ಕಾಣುತ್ತದೆ.

ಇದಕ್ಕೆ ಬೇರೆ ದಾರಿಯೂ ನಮ್ಮ ನಾಡಿನಲ್ಲಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಬಂದವರು ಒಟ್ಟಿಗೆ ಕೂತು ತಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ತಾವೇ ರೂಪಿಸಿದರು. ಹೀಗೆ ಹುಟ್ಟಿದ ‘ನಲಿ-ಕಲಿ’ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳನ್ನು ತಲುಪಿತು. ಮುಂದಿನ ದಿನಗಳಲ್ಲಿ ಅದರ ಬಗ್ಗೆ ಬಗೆಬಗೆಯ ಅಭಿಪ್ರಾಯಗಳು ಬಂದಿರಬಹುದು. ಆದರೆ ಶಿಕ್ಷಕರು ಶಿಕ್ಷಕರಿಂದ ಕಲಿತಾಗ ಏನು ಸಾಧ್ಯ ಎಂಬುದನ್ನು ಆ ಹಿಂದುಳಿದ ತಾಲ್ಲೂಕು ತೋರಿಸಿಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕೆಂದಿತು. ಒಳ್ಳೆಯದೇ. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ದೂರದಿಂದ ಉಪನ್ಯಾಸಕರನ್ನು ಕರೆಸುವ ನಾವು, ಪಕ್ಕದ ತರಗತಿಯಲ್ಲಿ ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸಿದ ಟೀಚರಮ್ಮನನ್ನು ಏನೂ ಕೇಳದೆ ನಿವೃತ್ತಿಗೆ ಶಾಲು ಹೊದಿಸಿ ಕಳಿಸುತ್ತೇವೆ.

4. ಜೂನ್ ತಿಂಗಳ ಹೊಸ ಟೀಚರು

ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಎಷ್ಟು ಮನೆಯ ಹೆಣ್ಣುಮಕ್ಕಳು ಟೀಚರುಗಳಾಗಿಲ್ಲ! ಅವರ ಮೊದಲ ವರ್ಷ ಹೇಗಿತ್ತೆಂದು ಕೇಳಿ ನೋಡಿ. ಹೊಸಬಳೆಂದು ಎಲ್ಲರೂ ಬೇಡವೆಂದ ತರಗತಿಯನ್ನೇ ಆಕೆಗೆ ಕೊಡುತ್ತಾರೆ. ವಾರ್ಷಿಕೋತ್ಸವದ ನೃತ್ಯವೂ ಆಕೆಯದೇ, ಬಸ್ ಡ್ಯೂಟಿಯೂ ಆಕೆಯದೇ. ಮಕ್ಕಳು ಗದ್ದಲ ಮಾಡಿದಾಗ ಬಾಗಿಲಲ್ಲಿ ಮೇಲಿನವರ ಮುಖ ಕಾಣಿಸುತ್ತದೆ. ಮಕ್ಕಳ ಎದುರೇ ಒಂದು ಮಾತು ಬೀಳುತ್ತದೆ. ಅಂದಿನಿಂದ ಆ ತರಗತಿ ಆಕೆಯ ಕೈಗೆ ಸಿಗುವುದಿಲ್ಲ. ಮನೆಗೆ ಬಂದವಳು ಊಟ ಬೇಡವೆಂದು ಮಲಗುತ್ತಾಳೆ. ಮಾರ್ಚ್ ತಿಂಗಳಲ್ಲಿ ಕೆಲಸ ಬಿಡುತ್ತಾಳೆ. ಆಕೆ ಕಲಿಸಲು ಬಾರದವಳಲ್ಲ. ಆಕೆಗೆ ಕಲಿಸಲು ಯಾರೂ ಬರಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬಾರ್ನಬರ ಕಥೆ ನಮಗೆ ಗೊತ್ತು. ಹೊಸದಾಗಿ ಮನಸ್ಸು ತಿರುಗಿದ ಸೌಲನನ್ನು ಜೆರುಸಲೇಮಿನಲ್ಲಿ ಯಾರೂ ನಂಬದಿದ್ದಾಗ, ಕೈಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದವರು ಬಾರ್ನಬರು. ತಾರ್ಸಕ್ಕೆ ಹೋಗಿ ಆತನನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದವರೂ ಅವರೇ. ಮುಂದೆ ಮಾರ್ಕನೆಂಬ ಯೊವಾನ್ನ ಅರ್ಧ ದಾರಿಯಲ್ಲಿ ಹಿಂದಿರುಗಿದಾಗ, ಇವನು ಬೇಡವೇ ಬೇಡ ಎಂದು ಪೌಲರು ಹಟ ಹಿಡಿದರು. ಬಾರ್ನಬರು ಅವನನ್ನು ತಮ್ಮೊಂದಿಗೆ ಕರೆದುಕೊಂಡು ಹೊರಟರು. ವರ್ಷಗಳ ನಂತರ ಅದೇ ಪೌಲರು, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎಂಬ ಅರ್ಥದಲ್ಲಿ ತಿಮೊಥೇಯನಿಗೆ ಬರೆದರು. ಮೊದಲ ಸೋಲಿಗೇ ಮನೆಗೆ ಕಳಿಸಿದ್ದರೆ ಮಾರ್ಕ ಏನಾಗುತ್ತಿದ್ದರೋ!

ಹಾಗಾದರೆ ನಮ್ಮ ಶಾಲೆಗಳಲ್ಲಿ ಏನು ಮಾಡಬಹುದು? ದೊಡ್ಡ ಖರ್ಚಿನ ಮಾತೇನೂ ಇಲ್ಲ. ಪ್ರತಿಯೊಬ್ಬ ಹೊಸ ಟೀಚರಿಗೂ ಮೊದಲ ವರ್ಷ ಒಬ್ಬ ಹಿರಿಯ ಜೊತೆಗಾರರನ್ನು ಗೊತ್ತುಮಾಡಬಹುದು. ಆ ಹಿರಿಯರಿಗೆ ವಾರದಲ್ಲಿ ಒಂದೆರಡು ಪೀರಿಯಡ್ ಬಿಡುವು ಕೊಡಬಹುದು. ಬಿಡುವು ಕೊಡದೆ ಜವಾಬ್ದಾರಿ ಮಾತ್ರ ಕೊಟ್ಟರೆ ಅದು ಕಾಗದದಲ್ಲೇ ಉಳಿಯುತ್ತದೆ. ಹಿರಿಯರು ಹೊಸಬರ ತರಗತಿಯಲ್ಲಿ ಕೂರುವ ಮೊದಲು ಹೊಸಬರು ಹಿರಿಯರ ತರಗತಿಯಲ್ಲಿ ಕೂರಲಿ. ಪಾಠದ ನಂತರ ಇಬ್ಬರೇ ಕೂತು ಮಾತನಾಡಲಿ. ಮೊದಲು ಚೆನ್ನಾಗಿ ಆದದ್ದನ್ನು ಹೇಳಲಿ, ಆಮೇಲೆ ತಿದ್ದಬೇಕಾದ ಒಂದೇ ಒಂದು ವಿಷಯ ಹೇಳಲಿ. ಹತ್ತು ಹೇಳಿದರೆ ಒಂದೂ ನೆನಪಿರುವುದಿಲ್ಲ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಲಿ. ಅದು ಸಂಬಳ ಹೆಚ್ಚಿಸುವ, ಕೆಲಸದಿಂದ ತೆಗೆಯುವ ಕಡತಕ್ಕೆ ಹೋಗದಿರಲಿ. ತಪ್ಪು ಹೇಳಿಕೊಂಡರೆ ಕೆಲಸ ಹೋಗುತ್ತದೆಂದಾದರೆ ಯಾರು ತಾನೇ ಬಾಯಿ ಬಿಡುತ್ತಾರೆ?

5. ಕುರ್ಚಿಯಿಲ್ಲದವರು

ಶಾಲೆಯೆಂದರೆ ಟೀಚರುಗಳು ಮಾತ್ರವಲ್ಲ. ಬೆಳಗ್ಗೆ ಮಗುವಿನ ಮುಖವನ್ನು ಮೊದಲು ನೋಡುವವರು ಬಸ್ಸಿನ ಚಾಲಕ ಮತ್ತು ಆಯಾ. ಮಗು ತಿಂಡಿ ತಿಂದಿಲ್ಲ, ರಾತ್ರಿ ಮನೆಯಲ್ಲಿ ಜಗಳವಾಗಿದೆ, ಈ ವಾರ ಯಾಕೋ ಮಾತೇ ಆಡುತ್ತಿಲ್ಲ, ಇವೆಲ್ಲ ಟೀಚರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಆದರೆ ಸಿಬ್ಬಂದಿ ಸಭೆಯಲ್ಲಿ ಅವರಿಗೆ ಕುರ್ಚಿಯಿಲ್ಲ. ಅವರು ಕಾಫಿ ತಂದುಕೊಟ್ಟು ಹೊರಗೆ ಹೋಗುತ್ತಾರೆ.

ಅವರಿಗೂ ಕಲಿಯುವ ಹಕ್ಕಿದೆ. ಬಿದ್ದ ಮಗುವಿಗೆ ಪ್ರಥಮ ಚಿಕಿತ್ಸೆ ಹೇಗೆ, ಫಿಟ್ಸ್ ಬಂದ ಮಗುವನ್ನು ಹೇಗೆ ಮಲಗಿಸಬೇಕು, ಅಡುಗೆ ಮನೆಯ ಗ್ಯಾಸ್ ಸೋರಿದರೆ ಏನು ಮಾಡಬೇಕು, ವಿಶೇಷ ಅಗತ್ಯವುಳ್ಳ ಮಗುವನ್ನು ಶೌಚಾಲಯಕ್ಕೆ ಹೇಗೆ ಕರೆದೊಯ್ಯಬೇಕು, ಇವನ್ನು ಅವರಿಗೆ ಕೂರಿಸಿ ಕಲಿಸಿದವರು ಎಷ್ಟು ಮಂದಿ? ಕಲಿಸದೆ ತಪ್ಪಾದಾಗ ಮಾತ್ರ ಕೂಗುವುದು ನ್ಯಾಯವಲ್ಲ. ಆಪ್ತ ಸಮಾಲೋಚಕರನ್ನು ನೇಮಿಸಿಕೊಂಡ ಶಾಲೆಗಳು ಇನ್ನೊಂದನ್ನು ಗಮನಿಸಬೇಕು. ದಿನವಿಡೀ ಮಕ್ಕಳ ನೋವನ್ನು ಕೇಳುವ ಅವರ ಎದೆಯೂ ಭಾರವಾಗುತ್ತದೆ. ಅವರು ತಮ್ಮ ವೃತ್ತಿಯ ಹಿರಿಯರೊಬ್ಬರೊಂದಿಗೆ ನಿಯಮಿತವಾಗಿ ಮಾತನಾಡಲು ಸಮಯ ಬೇಕು. ಅದು ಅವರಿಗೆ ತೋರಿಸುವ ಔದಾರ್ಯವಲ್ಲ, ಕೆಲಸದ ಭಾಗ.

6. ನಡುವೆ ನಿಂತ ಮಗು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ವಿಚಾರಿಸಿಕೊಳ್ಳುವುದೆಂದರೆ ಮುಚ್ಚಿಹಾಕುವುದಲ್ಲ. ಇಂದಿನ ಶುಭಸಂದೇಶದಲ್ಲಿ, ಯಾರು ದೊಡ್ಡವರು ಎಂದು ಶಿಷ್ಯರು ಕೇಳಿದಾಗ ಪ್ರಭು ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು. ಶಾಲೆಯ ಎಲ್ಲ ಸಭೆಗಳಲ್ಲೂ, ಎಲ್ಲ ಕಡತಗಳಲ್ಲೂ ಆ ಮಗು ನಡುವೆಯೇ ನಿಂತಿರಬೇಕು.

ಲಾಸಾಲರ ಕಾಲದಲ್ಲಿ ಬೆತ್ತವಿಲ್ಲದ ಶಾಲೆಯನ್ನು ಊಹಿಸುವುದೇ ಕಷ್ಟವಾಗಿತ್ತು. ಆಗಲೂ ಅವರು ದಂಡನೆ ಅಪರೂಪವಾಗಿರಬೇಕು, ಸಿಟ್ಟಿನಲ್ಲಿ ಎಂದೂ ಕೊಡಬಾರದು ಎಂದರು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇನ್ನು 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಅದೇ ಅಪರಾಧ. ಶಾಲೆಯ ಹೆಸರು, ಧರ್ಮಸಭೆಯ ಹೆಸರು, ವ್ಯಕ್ತಿಯ ಹೆಸರು ಯಾವುದೂ ಅದಕ್ಕಿಂತ ದೊಡ್ಡದಲ್ಲ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲೂ, ಪ್ರತಿ ಆಯಾ ಮತ್ತು ಚಾಲಕರ ನೆನಪಿನಲ್ಲೂ ಇರಬೇಕು.

ಲಾಸಾಲರ ಮನೆಯ ನಿಯಮಬದ್ಧ ಬದುಕಿಗೆ ಒಗ್ಗದೆ ಆರಂಭದ ಶಿಕ್ಷಕರಲ್ಲಿ ಅನೇಕರು ಬಿಟ್ಟುಹೋದರು. ಅವರು ತಮ್ಮ ಮೇಜಿನ ಬಳಿಗೆ ಎಲ್ಲರನ್ನೂ ಕರೆದರು, ಆದರೆ ಮಕ್ಕಳಿಗೆ ಸಲ್ಲಬೇಕಾದದ್ದರಲ್ಲಿ ರಾಜಿಯಾಗಲಿಲ್ಲ. ಪ್ರೀತಿ ಮತ್ತು ಕಟ್ಟುನಿಟ್ಟು ಒಂದೇ ಕೈಯ ಎರಡು ಬದಿಗಳು. ತಟ್ಟಿ ಮಲಗಿಸುವ ಕೈಯೇ ಬೆಂಕಿಯ ಕಡೆ ಹೋಗುವ ಮಗುವನ್ನು ಎಳೆದು ನಿಲ್ಲಿಸುತ್ತದೆ.

7. ಪೋಷಕರಾದ ನಮ್ಮ ಪಾಲು

ಇದೆಲ್ಲ ಮುಖ್ಯೋಪಾಧ್ಯಾಯರಿಗೆ, ಗುರುಗಳಿಗೆ, ಸಿಸ್ಟರುಗಳಿಗೆ ಹೇಳಿದ್ದು, ನಮಗೇನು ಎಂದು ಯಾರೂ ಹಗುರಾಗಿ ಕೂರಬೇಡಿ. ಟೀಚರುಗಳ ಮೇಲೆ ದಿನನಿತ್ಯ ಅತಿ ಹೆಚ್ಚು ವಿಚಾರಣೆ ನಡೆಸುವವರು ಪೋಷಕರು! ಮಗು ಮನೆಗೆ ಬಂದು ಒಂದು ಮಾತು ಹೇಳಿದ ಕೂಡಲೇ ಅದು ತರಗತಿಯ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಅರ್ಧ ಗಂಟೆಯಲ್ಲಿ ನಲವತ್ತು ಮನೆಗಳಲ್ಲಿ ತೀರ್ಪಾಗುತ್ತದೆ. ಟೀಚರನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಸಹೋದರನು ತಪ್ಪು ಮಾಡಿದರೆ ಮೊದಲು ನೀನೂ ಅವನೂ ಇಬ್ಬರೇ ಇದ್ದಾಗ ಹೇಳಬೇಕೆಂದು ಪ್ರಭು ಕಲಿಸಿದ್ದು ಇಂದು ಓದಿದ ಅದೇ ಹದಿನೆಂಟನೇ ಅಧ್ಯಾಯದಲ್ಲಿ. ಮಗುವಿನ ಸುರಕ್ಷತೆಯ ವಿಷಯವಾದರೆ ಒಂದು ಕ್ಷಣವೂ ತಡಮಾಡಬೇಡಿ. ಆದರೆ ಹೋಮ್‌ವರ್ಕ್, ಅಂಕ, ಕೂರಿಸಿದ ಜಾಗ ಇಂಥ ವಿಷಯಗಳಿಗೆ ಮೊದಲು ಟೀಚರನ್ನೇ ಭೇಟಿಮಾಡಿ.

ಮಕ್ಕಳ ಎದುರು ಟೀಚರನ್ನು ಹಗುರವಾಗಿ ಮಾತನಾಡಬೇಡಿ. ಶಾಲೆಯ ಆಯಾ ಪೇಟೆಯಲ್ಲಿ ಸಿಕ್ಕರೆ ಮಕ್ಕಳಿಂದ ನಮಸ್ಕಾರ ಹೇಳಿಸಿ. ನಮ್ಮ ಧರ್ಮಕೇಂದ್ರದ ನಿವೃತ್ತ ಶಿಕ್ಷಕರೇ, ಮನೆಯ ಜಗಲಿಯಲ್ಲಿ ಕೂತು ಈಗಿನವರಿಗೆ ಏನೂ ಬರುವುದಿಲ್ಲ ಎನ್ನುವುದನ್ನು ಬಿಟ್ಟು, ವಾರಕ್ಕೊಂದು ದಿನ ಶಾಲೆಗೆ ಬಂದು ಹೊಸಬರ ಪಕ್ಕದಲ್ಲಿ ಕೂರಿ. ನಿಮ್ಮ ಅನುಭವ ನಿಮ್ಮೊಂದಿಗೇ ಮಣ್ಣಾಗಬಾರದು.

ಕೊನೆಯದಾಗಿ, ಮೇಲಿರುವವರನ್ನೂ ಯಾರಾದರೂ ವಿಚಾರಿಸಿಕೊಳ್ಳಬೇಕು. ತಮ್ಮ ಕೊನೆಯ ವರ್ಷಗಳಲ್ಲಿ ಲಾಸಾಲರು ವಿರೋಧಗಳಿಂದಲೂ ಮೊಕದ್ದಮೆಯಿಂದಲೂ ನೊಂದು ದಕ್ಷಿಣ ಫ್ರಾನ್ಸಿಗೆ ಹೋಗಿ ಉಳಿದುಬಿಟ್ಟರು. ಗ್ರೆನೋಬಲ್ ಪಟ್ಟಣದಲ್ಲಿ ಒಬ್ಬ ಸಹೋದರನ ಬದಲಿಗೆ ತಾವೇ ಚಿಕ್ಕ ಮಕ್ಕಳಿಗೆ ಪಾಠ ಮಾಡಿದರು. 1714ರ ಏಪ್ರಿಲ್ 1ರಂದು ಪ್ಯಾರಿಸ್ ಕಡೆಯ ಸಹೋದರರು ಅವರಿಗೆ ಪತ್ರ ಬರೆದರು. ಬಂದು ಮತ್ತೆ ನಮ್ಮ ಹೊಣೆ ಹೊರಬೇಕೆಂದು, ವಿಧೇಯತೆಯ ಹೆಸರಿನಲ್ಲಿಯೇ ಅಪ್ಪಣೆ ಮಾಡಿದರು. ಅವರು ರೂಪಿಸಿದವರೇ ಅವರನ್ನು ಎತ್ತಿ ನಿಲ್ಲಿಸಿದರು. ಅವರು ಹಿಂದಿರುಗಿದರು. 1717ರಲ್ಲಿ ಸಂಸ್ಥೆಯ ನಾಯಕತ್ವವನ್ನು ಒಬ್ಬ ಸಹೋದರನಿಗೆ ಒಪ್ಪಿಸಿ, ಅವರ ಅಧೀನದಲ್ಲಿ ಸಾಮಾನ್ಯ ಸದಸ್ಯರಾಗಿ ಬದುಕಿದರು. 1719ರ ಏಪ್ರಿಲ್ 7ರಂದು, ಶುಭ ಶುಕ್ರವಾರದ ದಿನ, ಪ್ರಭುವಿನಲ್ಲಿ ನಿದ್ರಿಸಿದರು. ಇತ್ರೋ ಹೊರಟುಹೋದಂತೆ ಅವರೂ ಬಿಟ್ಟುಕೊಟ್ಟು ಹೋದರು. ಅವರು ಬೆಳೆಸಿದವರು ಇಂದಿಗೂ ಬೇರೆಯವರನ್ನು ಬೆಳೆಸುತ್ತಿದ್ದಾರೆ.

ಪ್ರಿಯರೇ, ಬರುವ ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಮತ್ತೆ ಬಾರಿಸುವಾಗ, ಯಾವ ಹೊಸ ಟೀಚರೂ, ಯಾವ ಹೊಸ ಆಯಾವೂ ನಮ್ಮ ಆವರಣದಲ್ಲಿ ಒಂಟಿಯಾಗಿ ನಿಲ್ಲದಂತೆ ನೋಡಿಕೊಳ್ಳೋಣ. ಈ ಬಲಿಪೂಜೆಯಲ್ಲಿ ಒಂದೇ ಮೇಜಿನ ಸುತ್ತ ನಮ್ಮೆಲ್ಲರನ್ನೂ ಕೂಡಿಸುವ ಪ್ರಭು, ಕಲಿಸುವವರಿಗೆ ತಾಳ್ಮೆಯನ್ನು, ಸೇವೆ ಮಾಡುವವರಿಗೆ ಗೌರವವನ್ನು, ಮೇಲ್ವಿಚಾರಣೆ ನಡೆಸುವವರಿಗೆ ಕೇಳುವ ಕಿವಿಯನ್ನು, ನಮ್ಮ ಮಕ್ಕಳಿಗೆ ಸುರಕ್ಷಿತವಾದ ನೆರಳನ್ನು ಅನುಗ್ರಹಿಸಲಿ. ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.